ಬಾಕಿ ಪಟ್ಟಿಯಲ್ಲಿ ಬಂದ ಹೆಸರು

ಬೆಳಿಗ್ಗೆ ಆರೂವರೆ. ಬೀದರ್ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಬಸ್ಸು ನಿಲ್ಲುವ ಕಡೆ ಮೊದಲ ಚಹಾ ಕುದಿಯುವ ಹೊತ್ತಿಗೆ ಜೇಬಿನಲ್ಲಿದ್ದ ಫೋನು ಗುಂಯ್ ಎನ್ನುತ್ತದೆ. ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂದಿದೆ. ಯಾವ ಹಳ್ಳಿ, ಯಾವ ನೌಕರ, ಎಷ್ಟು ಗುರಿ, ಎಷ್ಟು ಬಾಕಿ. ಹಿಂದೆ ಬಿದ್ದವರ ಹೆಸರಿಗೆ ಕೆಂಪು ಬಣ್ಣ. ಕೆಳಗೆ ಒಂದೇ ಸಾಲು: ಸಂಜೆಯೊಳಗೆ ಮುಗಿಯದಿದ್ದರೆ ನೋಟಿಸ್. ಅದರ ಕೆಳಗೆ ‘ಓಕೆ ಸರ್’, ‘ಓಕೆ ಸರ್’ ಎಂದು ಉತ್ತರಗಳ ಸಾಲು.

ಹತ್ತು ಗಂಟೆಗೆ ನಾಡಕಚೇರಿಯ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಒಬ್ಬರ ಸೋಯಾ ಹೊಲಕ್ಕೆ ನೀರು ಹೊಕ್ಕಿದೆ, ಇನ್ನೊಬ್ಬರಿಗೆ ಪಿಂಚಣಿ ನಿಂತಿದೆ, ಮತ್ತೊಬ್ಬರ ಪಹಣಿಯಲ್ಲಿ ಸತ್ತ ಅಪ್ಪನ ಹೆಸರೇ ಉಳಿದಿದೆ. ಸರ್ವರ್ ಡೌನ್. ಎದುರಿಗೆ ನಿಂತ ರೈತ ಸರ್ವರನ್ನು ಬೈಯಲಾರ, ಕುರ್ಚಿಯಲ್ಲಿ ಕುಳಿತವರನ್ನು ಬೈಯುತ್ತಾನೆ. ಮೇಲಿನಿಂದ ಫೋನು ಮಾಡಿದವರೂ ಅವರನ್ನೇ ಬೈಯುತ್ತಾರೆ. ರಾತ್ರಿ ಒಂಬತ್ತಕ್ಕೆ ವಿಡಿಯೊ ಸಭೆ. ಊಟದ ತಟ್ಟೆಯ ಪಕ್ಕ ಫೋನು ನಿಲ್ಲಿಸಿಕೊಂಡು, ಮಗುವಿಗೆ ಸುಮ್ಮನಿರು ಎಂದು ಸನ್ನೆ ಮಾಡುತ್ತ ಕೂತವರು ಈ ಹೋಬಳಿಯಲ್ಲಷ್ಟೇ ಅಲ್ಲ, ಔರಾದ್, ಭಾಲ್ಕಿ, ಬೀದರ್ ನಗರದಲ್ಲೂ ಇದ್ದಾರೆ. ಅವರಲ್ಲಿ ಗ್ರಾಮ ಆಡಳಿತ ಅಧಿಕಾರಿ ಇದ್ದಾರೆ, ಪಿಡಿಒ ಇದ್ದಾರೆ, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯ ಶಿಕ್ಷಕರೂ ಇದ್ದಾರೆ.

ಒತ್ತಡದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳನ್ನು ನೆನೆಯುತ್ತೇವೆ. ಯೋಗ ಮಾಡಿ, ಪಾಸಿಟಿವ್ ಆಗಿರಿ ಎಂಬ ಉಪದೇಶವೂ ಅಲ್ಲಿಗೇ ಹೊಂದುವಂಥದ್ದು. ಹೋಬಳಿ ಮಟ್ಟದ ನೌಕರರ ಮನಸ್ಸಿನ ಮೇಲೆ ಏನಾಗುತ್ತಿದೆ ಎಂಬುದನ್ನು ಕೇಳುವವರು ಕಡಿಮೆ. ಅವರಾಗಿಯೇ ಒಮ್ಮೆ ಬೀದಿಗೆ ಬಂದು ಹೇಳಿದ್ದರು.

ಮುಷ್ಕರ ಹೇಳಿದ್ದು

2024ರ ಸೆಪ್ಟೆಂಬರ್ 26ರಂದು ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಮೊನ್ನೆಮೊನ್ನೆಯವರೆಗೆ ಗ್ರಾಮ ಲೆಕ್ಕಿಗರು ಎನಿಸಿಕೊಂಡಿದ್ದವರು, ತಾಲ್ಲೂಕು ಕಚೇರಿಗಳ ಮುಂದೆ ಕುಳಿತರು. ಸಂಬಳ ಹೆಚ್ಚಿಸಿ ಎಂಬುದು ಅವರ ಮೊದಲ ಮಾತಾಗಿರಲಿಲ್ಲ. ಹದಿನೇಳಕ್ಕೂ ಹೆಚ್ಚು ಮೊಬೈಲ್ ಹಾಗೂ ವೆಬ್ ಆ್ಯಪ್‌ಗಳಲ್ಲಿ ಒಟ್ಟೊಟ್ಟಿಗೆ ಕೆಲಸ ಮಾಡಬೇಕು, ಅದಕ್ಕೆ ಫೋನು, ಲ್ಯಾಪ್‌ಟಾಪ್, ಇಂಟರ್‌ನೆಟ್ ಕೊಟ್ಟಿಲ್ಲ, ಎಲ್ಲ ಆ್ಯಪ್‌ಗಳಿಗೂ ಏಕಕಾಲಕ್ಕೆ ಗುರಿ ನಿಗದಿಯಾಗುತ್ತದೆ ಎಂಬುದು ದೂರು. ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನಿನ ಲ್ಯಾಂಡ್ ಬೀಟ್, ಬಗರ್‌ಹುಕುಂ, ಪೌತಿ ಖಾತೆ, ಬೆಳೆ ಹಾನಿ ಪರಿಹಾರ, ಚುನಾವಣೆ, ಗಣತಿ, ಎಲ್ಲಕ್ಕೂ ಒಂದೊಂದು ಆ್ಯಪ್. ರಜಾದಿನದ ಕೆಲಸ ಮತ್ತು ಕಚೇರಿ ವೇಳೆ ಮೀರಿದ ಆನ್‌ಲೈನ್ ಸಭೆಗಳು ನಿಲ್ಲಬೇಕು ಎಂಬುದೂ ಬೇಡಿಕೆಯಲ್ಲಿತ್ತು. ಮನವಿ ಪತ್ರಗಳಲ್ಲಿ ‘ಮಾನಸಿಕ ಒತ್ತಡ’ ಎಂಬ ಮಾತನ್ನು ಅವರು ಸಂಕೋಚವಿಲ್ಲದೆ ಬರೆದರು. ಭರವಸೆಗಳು ಈಡೇರಲಿಲ್ಲವೆಂದು 2025ರ ಫೆಬ್ರುವರಿ 10ರಿಂದ ಎರಡನೇ ಹಂತದ ಮುಷ್ಕರವೂ ನಡೆಯಿತು.

ಅದಕ್ಕೆ ಒಂದು ತಿಂಗಳ ಹಿಂದೆ, ಜನವರಿಯಲ್ಲಿ, ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಕಳೆದಿದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ಇದೇ ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತ್ತು. ಜಗತ್ತು ಹೊಗಳಿದವರು ತಮ್ಮ ಪ್ರೋತ್ಸಾಹಧನಕ್ಕಾಗಿ ಪೋರ್ಟಲ್‌ನ ಮುಂದೆ ಕಾಯಬೇಕಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರ ಸರದಿ. ಆ್ಯಪ್ ತೆರೆಯದು, ಒಟಿಪಿ ಬಾರದು, ಮನೆ ಸಿಗದು. ದಸರಾ ರಜೆ ಹೀಗೇ ಕಳೆಯಿತು. ಬೀದರ್ ಜಿಲ್ಲೆಯಲ್ಲಿ ಅದೇ ಹೊತ್ತಿಗೆ ಮಳೆ ಬೆಳೆಗಳನ್ನು ನುಂಗಿ, ಮಾಂಜ್ರಾ ನದಿ ದಂಡೆಯ ಹೊಲಗಳಲ್ಲಿ ನೀರು ನಿಂತಿತ್ತು. ಒಬ್ಬ ಗ್ರಾಮ ಆಡಳಿತ ಅಧಿಕಾರಿಯೇ ಎರಡು ವೃತ್ತಗಳನ್ನು ನೋಡಿಕೊಳ್ಳುವ ಕಡೆ ಬೆಳೆ ಹಾನಿಯ ಪಂಚನಾಮೆ ಯಾರು ಮಾಡಬೇಕು, ಉಳಿದ ಗುರಿಗಳನ್ನು ಯಾರು ಮುಟ್ಟಬೇಕು?

‘ನೌಕರಿ ಸಿಕ್ಕದ, ಮತ್ತೇನು ಬೇಕು?’

ಇದೆಲ್ಲ ಗೊತ್ತಿದ್ದರೂ ಮನೆಯಲ್ಲಿ ಹೇಳಿಕೊಳ್ಳುವುದು ಕಷ್ಟ. ಔರಾದ್ ಸೀಮೆಯಲ್ಲಿ ಸರ್ಕಾರಿ ನೌಕರಿ ಇಡೀ ಮನೆತನದ ಮರ್ಯಾದೆ. ತಮ್ಮನ ಓದು, ತಂಗಿಯ ಮದುವೆ, ಬಾವಿಯ ಸಾಲ ಎಲ್ಲವೂ ಆ ಸಂಬಳದ ಮೇಲೆ ನಿಂತಿರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಲಕ್ಷಾಂತರ ಮಂದಿ ಅರ್ಜಿ ಹಾಕಿದರು. ಅಷ್ಟು ಜನ ಬಯಸಿದ ಕುರ್ಚಿಯಲ್ಲಿ ಕುಳಿತವರು ‘ನನಗೆ ಆಗುತ್ತಿಲ್ಲ’ ಎಂದರೆ ಹೊಟ್ಟೆ ತುಂಬಿದವರ ಗೊಣಗಾಟದಂತೆ ಕೇಳುತ್ತದೆ. “ನೌಕರಿ ಸಿಕ್ಕದ, ಮತ್ತೇನು ಬೇಕು ನಿನಗ?” ಎಂದು ಅವ್ವ ಅಕ್ಕರೆಯಿಂದಲೇ ಕೇಳುತ್ತಾಳೆ. ಆ ಪ್ರಶ್ನೆಯ ನಂತರ ಮಗ ಮಾತಾಡುವುದಿಲ್ಲ.

ಹೈದರಾಬಾದ್, ಪುಣೆಗೆ ದುಡಿಯಲು ಹೋದ ಇದೇ ಊರುಗಳ ಹುಡುಗ ಹುಡುಗಿಯರದೂ ಹೆಚ್ಚುಕಡಿಮೆ ಇದೇ ಕಥೆ. ಹಬ್ಬಕ್ಕೆ ಬಂದಾಗ ಕಂಪನಿಯ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಿ ಹೋಗುತ್ತಾರೆ.

ಕೆಳಗಿನವರ ಎದೆ ಯಾಕೆ ಬೇಗ ದಣಿಯುತ್ತದೆ

ದೊಡ್ಡ ಹುದ್ದೆಯವರಿಗೇ ದೊಡ್ಡ ಟೆನ್ಷನ್, ಅವರಿಗೇ ಹೃದಯಾಘಾತ ಎಂಬ ನಂಬಿಕೆ ಬಹಳ ಕಾಲ ಇತ್ತು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಅದನ್ನು ತಿರುವುಮುರುವು ಮಾಡಿತು. ಹುದ್ದೆ ಕೆಳಗಿಳಿದಂತೆ ಹೃದಯರೋಗದಿಂದ ಸಾಯುವ ಸಂಭವ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಿತ್ತು. ಧೂಮಪಾನ, ರಕ್ತದೊತ್ತಡದಂಥ ಕಾರಣಗಳನ್ನು ಲೆಕ್ಕ ಹಿಡಿದರೂ ಅಂತರ ಪೂರ್ತಿ ಅಳಿಯಲಿಲ್ಲ. ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಎರಡನೇ ಅಧ್ಯಯನ ಆರಂಭವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅದು ಒಂದು ಮುಖ್ಯ ಕಾರಣವನ್ನು ಗುರುತಿಸಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಹೀಗೊಂದು ವಿವರಣೆ ಕೊಟ್ಟಿದ್ದರು. ಕೆಲಸ ಹೆಚ್ಚಿರುವುದೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಕೆಲಸ ಹೆಚ್ಚು, ನಿರ್ಧಾರದ ಸ್ವಾತಂತ್ರ್ಯ ಕಡಿಮೆ, ಈ ಎರಡೂ ಕೂಡಿದಾಗ ಮನಸ್ಸು ದಣಿಯುತ್ತದೆ. ಸುಗ್ಗಿಯಲ್ಲಿ ಹದಿನಾರು ಗಂಟೆ ದುಡಿದ ರೈತ ರಾತ್ರಿ ನಿದ್ದೆ ಮಾಡಬಲ್ಲ, ಏಕೆಂದರೆ ಯಾವ ಸಾಲಿನಿಂದ ರಾಶಿ ಶುರುಮಾಡಬೇಕೆಂಬುದು ಅವನ ಕೈಯಲ್ಲಿದೆ. ನಾಡಕಚೇರಿಯಲ್ಲಿ ಎಂಟು ಗಂಟೆ ಕುಳಿತವರಿಗೆ ಆ ನಿದ್ದೆ ಬಾರದಿರಬಹುದು. ಸರ್ವರ್ ಯಾವಾಗ ಬರುತ್ತದೆ, ನಾಳೆ ಯಾವ ಆ್ಯಪ್ ಮೊದಲು, ಯಾರು ಬೈಯುತ್ತಾರೆ ಎಂಬುದ್ಯಾವುದೂ ಅವರ ಕೈಯಲ್ಲಿಲ್ಲ.

ಜರ್ಮನಿಯ ಯೋಹಾನಸ್ ಸೀಗ್ರಿಸ್ಟ್ 1996ರಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಹಾಕಿದ ಶ್ರಮಕ್ಕೂ ಮರಳಿ ಸಿಗುವುದಕ್ಕೂ ತಾಳೆಯಾಗದಿದ್ದರೆ ದೇಹ ಅದನ್ನು ಗಾಯದಂತೆ ಅನುಭವಿಸುತ್ತದೆ. ಮರಳಿ ಸಿಗಬೇಕಾದದ್ದು ಹಣ ಮಾತ್ರವಲ್ಲ, ಮನ್ನಣೆ ಮತ್ತು ಕೆಲಸದ ಭದ್ರತೆ ಕೂಡ. ಆಶಾ ಕಾರ್ಯಕರ್ತೆಯರ ಸಿಟ್ಟಿನಲ್ಲಿ ಇವು ಮೂರೂ ಇದ್ದವು.

ದೇಹದೊಳಗೆ ನಡೆಯುವುದು ಇಷ್ಟು. ಅಪಾಯ ಕಂಡಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಹಾವು ಕಂಡರೆ ಓಡಲು ಇದು ಬೇಕು. ಹಾವು ಹೋದ ಮೇಲೆ ದೇಹ ತಣ್ಣಗಾಗುತ್ತದೆ. ಗುಂಪಿನ ಸಂದೇಶಗಳು ಮಾತ್ರ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹನ್ನೊಂದರವರೆಗೂ ಬರುತ್ತಲೇ ಇರುತ್ತವೆ, ತಣಿಯಲು ವೇಳೆಯೇ ಸಿಗುವುದಿಲ್ಲ. ಮೊದಲು ನಿದ್ದೆ ಕೆಡುತ್ತದೆ, ಆಮೇಲೆ ಹೊಟ್ಟೆ, ಆಮೇಲೆ ನೆನಪು. ಮರೆವಿನಿಂದ ತಪ್ಪು, ತಪ್ಪಿನಿಂದ ಮತ್ತೆ ಬೈಗುಳ. ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ‘ನನ್ನಿಂದ ಏನೂ ಆಗದು’ ಎಂಬ ಭಾವನೆ, ಈ ಮೂರೂ ಕೂಡಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದು ವಿವರಿಸಿತು. ಅದನ್ನು ಕಾಯಿಲೆ ಎನ್ನಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ಅಂದರೆ ದೋಷ ಹುಡುಕಬೇಕಾದ ಮೊದಲ ಜಾಗ ಕೆಲಸದ ವ್ಯವಸ್ಥೆ, ನೌಕರನ ಸ್ವಭಾವವಲ್ಲ.

ಕಲ್ಯಾಣದ ನೆಲದಲ್ಲಿ ಕಾಯಕ

ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ಹೀಗಾಗಿ ಇಲ್ಲಿ ಯಾವ ಸಭೆಯಲ್ಲೂ ಕಾಯಕದ ಮಾತು ಬಾರದೆ ಇರುವುದಿಲ್ಲ. ದೂರು ಹೇಳಿದ ನೌಕರನಿಗೆ ‘ಕಾಯಕ ಎಂದುಕೊಂಡು ಮಾಡು’ ಎನ್ನುವುದೂ ವಾಡಿಕೆಯಾಗಿದೆ. ಶರಣರ ಮಾತನ್ನು ಹೀಗೆ ಬಳಸುವುದು ನನಗೆ ನೋವು ತರುತ್ತದೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಪ್ರಸಂಗ ಎಲ್ಲರಿಗೂ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆಸೆಗೆ ಕಡಿವಾಣ ಎಂದು ಇದನ್ನು ನಾವು ಓದುತ್ತೇವೆ. ಇಂದಿನ ದಿನಕ್ಕೆ ಇದು ಇಷ್ಟು ಎಂಬ ಅಳತೆಯೂ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅಳತೆ ಮೀರಿದ್ದನ್ನು ಬೇಡವೆನ್ನಲು ಆ ಬಡ ಹೆಂಗಸಿಗೆ ಧೈರ್ಯವಿತ್ತು, ಏಕೆಂದರೆ ತನ್ನ ಬೆಲೆ ತಂದ ಅಕ್ಕಿಯ ತೂಕದಿಂದ ನಿರ್ಧಾರವಾಗುತ್ತದೆ ಎಂದು ಅವಳು ನಂಬಿರಲಿಲ್ಲ.

ಅನುಭವ ಮಂಟಪದಲ್ಲಿ ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಮಂತ್ರಿಯಾಗಿದ್ದವರು ಜೊತೆಯಲ್ಲಿ ಕುಳಿತರು ಎಂಬುದೇ ಕಾಯಕದ ಹುರುಳು. ಕೆಳಗಿನ ನೌಕರನನ್ನು ಮುನ್ನೂರು ಜನರ ಗುಂಪಿನಲ್ಲಿ ಜರಿದು, ಅದಕ್ಕೆ ಕಾಯಕದ ಹೆಸರು ಕೊಡುವುದು ಆ ಮಂಟಪಕ್ಕೆ ಒಪ್ಪುವ ನಡತೆಯಲ್ಲ.

ಬೈಗುಳಕ್ಕೆ ಜರಡಿ

ಆತ್ಮಗೌರವ ಒಂದೇ ದಿನ ಕುಸಿಯುವುದಿಲ್ಲ. ಮೊದಲು ‘ಈ ಕೆಲಸ ತಪ್ಪಾಯಿತು’ ಎನಿಸುತ್ತದೆ, ಕೆಲವು ತಿಂಗಳ ಮೇಲೆ ‘ನಾನು ತಪ್ಪು ಮಾಡುವವ’ ಎನಿಸುತ್ತದೆ, ಮುಂದೆ ‘ನಾನೇ ತಪ್ಪು’ ಎಂದಾಗುತ್ತದೆ. ಜೋಪಾನ ಮಾಡಬೇಕಾದದ್ದು ಮೊದಲ ಮಾತು ಎರಡನೆಯದಕ್ಕೆ ಜಾರುವ ಜಾಗದಲ್ಲಿ.

ಒಂದು ಉದಾಹರಣೆ. “ನಿಮಗ ತಲಿ ಅದ ಏನ್ರಿ? ಇನ್ನಾ ನಲವತ್ತು ಬಾಕಿ ಇಟ್ಟೀರಿ” ಎಂದು ಮೇಲಿನವರು ಕೂಗಿದರು ಎನ್ನಿ. ಇದರಲ್ಲಿ ಎರಡು ಮಾತಿವೆ. ತಲೆಯ ಮಾತು ಕೂಗಿದವರ ಸಿಟ್ಟಿಗೆ ಸೇರಿದ್ದು, ಜರಡಿಯಲ್ಲಿ ಮೇಲೆ ಉಳಿಯಲಿ. ನಲವತ್ತು ಬಾಕಿ ಎಂಬುದು ಕೆಲಸಕ್ಕೆ ಸೇರಿದ್ದು, ಅದನ್ನು ಕಾಗದದ ಮೇಲೆ ಬಿಡಿಸಿ. ಹನ್ನೆರಡು ಪಹಣಿಗಳ ಮಾಲೀಕರು ತೀರಿಕೊಂಡಿದ್ದಾರೆ, ಪೌತಿ ಆಗದೆ ಆಧಾರ್ ಜೋಡಿಸಲಾಗದು. ಒಂಬತ್ತು ಜನ ಪುಣೆ, ಹೈದರಾಬಾದಿನಲ್ಲಿದ್ದಾರೆ. ನಿಜವಾಗಿ ಈ ವಾರ ಮಾಡಬಹುದಾದದ್ದು ಹತ್ತೊಂಬತ್ತು. ಇದನ್ನೇ ನಾಲ್ಕು ಸಾಲಿನಲ್ಲಿ ಬರೆದು ಮೇಲಿನವರಿಗೆ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ನಾಳೆ ನೋಟಿಸ್ ಬಂದರೆ ಅದೇ ಉತ್ತರವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಬರೆಯುತ್ತ ಹೋದಂತೆ ತಾನು ಕೈಲಾಗದವನಲ್ಲ ಎಂಬುದು ತನಗೇ ಕಾಣುತ್ತದೆ. ಉಳಿದ ಹತ್ತೊಂಬತ್ತರಲ್ಲಿ ತನ್ನ ಸೋಮಾರಿತನದ ಪಾಲೂ ಇದ್ದರೆ ಅದೂ ಕಾಣುತ್ತದೆ. ಅದನ್ನು ತಿದ್ದಿಕೊಳ್ಳಬಹುದು.

ಎರಡು ಕೆಲಸ ಒಂದೇ ದಿನಕ್ಕೆ ಬಂದಾಗ ‘ಆಗಲ್ಲ’ ಎನ್ನುವುದಕ್ಕಿಂತ ‘ಇವೆರಡರಲ್ಲಿ ಇವತ್ತು ಯಾವುದು ಮೊದಲು ಮಾಡಲಿ ಸರ್, ಹೇಳಿ’ ಎಂದು ಬರಹದಲ್ಲಿ ಕೇಳುವುದು ಒಳ್ಳೆಯದು. ಆಯ್ಕೆಯ ಹೊಣೆ ಇರಬೇಕಾದವರ ಹತ್ತಿರ ಹೋಗುತ್ತದೆ, ಮಾತೂ ಕೆಡುವುದಿಲ್ಲ.

ಒಬ್ಬಂಟಿಯಾಗಿ ಯಾರೂ ಇದನ್ನು ಬಹುದಿನ ತಡೆದುಕೊಳ್ಳಲಾರರು. ಬೈಸಿಕೊಂಡವರು ಸಹೋದ್ಯೋಗಿಗಳಿಂದ ದೂರ ಸರಿಯುತ್ತಾರೆ. ನಾಚಿಕೆ ಹಾಗೆ ಮಾಡಿಸುತ್ತದೆ. ಗುಂಪಿನಲ್ಲಿ ಯಾರ ಹೆಸರು ಕೆಂಪಾಯಿತೋ ಅವರಿಗೆ ಅದೇ ದಿನ ಒಂದು ಫೋನು ಮಾಡಿ ‘ಚಹಾಕ್ಕ ಬಾ’ ಎನ್ನುವ ಒಬ್ಬ ಗೆಳೆಯ, ಗೆಳತಿ ಕಚೇರಿಯಲ್ಲಿದ್ದರೆ ಅರ್ಧ ಭಾರ ಇಳಿಯುತ್ತದೆ. ಕಚೇರಿಗೆ ಸಂಬಂಧವಿಲ್ಲದ ಒಂದು ಗುರುತೂ ಬೇಕು: ಭಜನಾ ತಂಡದಲ್ಲಿ ತಬಲಾ ಬಾರಿಸುವವ, ಹೊಲದಲ್ಲಿ ತೊಗರಿ ಚೆನ್ನಾಗಿ ತೆಗೆಯುವವಳು, ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಅಣ್ಣ. ಸಾಹೇಬರ ಬಾಯಿಗೆ ಎಟುಕದ ಜಾಗ ಅದು.

ರಾತ್ರಿ ಫೋನು ತಲೆದಿಂಬಿನ ಕೆಳಗೆ ಬೇಡ. ಕುಡಿದರೆ ನಿದ್ದೆ ಬರುತ್ತದೆ ಎಂಬುದು ನಂಬಬಾರದ ಮಾತು. ಮದ್ಯ ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ.

ತಹಶೀಲ್ದಾರರ ಕೈಯಲ್ಲಿರುವುದು

ಮೇಲಿನವರನ್ನು ಖಳರನ್ನಾಗಿ ಮಾಡಿ ಮುಗಿಸಿದರೆ ಅನ್ಯಾಯವಾಗುತ್ತದೆ. ತಹಶೀಲ್ದಾರರಿಗೆ ಜಿಲ್ಲೆಯಿಂದ, ಜಿಲ್ಲೆಗೆ ಬೆಂಗಳೂರಿನಿಂದ ಅದೇ ಕೆಂಪು ಪಟ್ಟಿ ಬರುತ್ತದೆ. ಆ ಸಿಟ್ಟು ಹಂತ ಹಂತವಾಗಿ ಇಳಿಯುತ್ತ ಕೊನೆಗೆ ಹಳ್ಳಿಯ ಆಶಾ ಕಾರ್ಯಕರ್ತೆಯ ಮೇಲೆ, ಅಲ್ಲಿಂದ ಅವಳ ಮಗುವಿನ ಮೇಲೆ ಬೀಳುತ್ತದೆ. ಮಧ್ಯದಲ್ಲಿರುವವರು ಇದನ್ನು ತಡೆಯಬಲ್ಲರು.

ಕೆಲವಕ್ಕೆ ರೂಪಾಯಿ ಖರ್ಚೂ ಇಲ್ಲ. ಬಾಕಿಯ ಲೆಕ್ಕವನ್ನು ಗುಂಪಿಗೆ ಹಾಕದೆ ಅವರವರಿಗೇ ಕಳಿಸಬಹುದು. ಬೈಯುವುದಿದ್ದರೆ ಕರೆದು ಬಾಗಿಲು ಮುಚ್ಚಿ, ಹೊಗಳುವುದಿದ್ದರೆ ಎಲ್ಲರೆದುರು. ನೆರೆ, ಬೆಂಕಿಯಂಥ ತುರ್ತು ಬಿಟ್ಟು ಸಂಜೆ ಏಳರ ಮೇಲೆ ಗುಂಪು ಮುಚ್ಚಬಹುದು. ಕೆಲಸದ ವೇಳೆ ಮುಗಿದ ಮೇಲೆ ಕರೆಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿಗೆ ತಂದವು. ತಾಲ್ಲೂಕು ಮಟ್ಟದಲ್ಲಿ ಇದಕ್ಕೆ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಸರ್ವರ್ ಕೆಟ್ಟ ಹೊತ್ತನ್ನು ಗುರಿಯಿಂದ ಕಳೆಯಬಹುದು. ಹಳ್ಳಿ ತಿರುಗುವ ಮಹಿಳಾ ನೌಕರರಿಗೆ ಶೌಚಾಲಯ ಎಲ್ಲಿದೆ ಎಂದು ಯೋಚಿಸುವುದೂ ಮಾನಸಿಕ ಆರೋಗ್ಯದ ಕೆಲಸವೇ. ದಿನವಿಡೀ ನೀರು ಕುಡಿಯದೆ ಸಮೀಕ್ಷೆ ಮಾಡಿದವರಿಂದ ನಗುಮುಖ ನಿರೀಕ್ಷಿಸುವುದು ಸರಿಯಲ್ಲ.

ಬೈಗುಳ ಮಿತಿ ದಾಟಿದರೆ ಕಾಯ್ದೆಗಳಿವೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ: ಹತ್ತು ಅಥವಾ ಹೆಚ್ಚು ಜನ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಘಟನೆಯ ಮೂರು ತಿಂಗಳೊಳಗೆ. ಪರಿಶಿಷ್ಟ ಜಾತಿ, ಪಂಗಡದ ನೌಕರರನ್ನು ಜಾತಿ ಹಿಡಿದು ಹೀಯಾಳಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ.

ಯಾವಾಗ, ಎಲ್ಲಿಗೆ

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ದಾಟಿದರೂ ನಿದ್ದೆ, ಹಸಿವು ಮರಳದಿದ್ದರೆ, ಮೊದಲು ಇಷ್ಟವಾಗಿದ್ದದ್ದೂ ಬೇಡವೆನಿಸಿದರೆ, ಕಾರಣವಿಲ್ಲದೆ ಅಳು ಬಂದರೆ, ಕುಡಿತ ಹೆಚ್ಚಿದರೆ ವೈದ್ಯರನ್ನು ಕಾಣಬೇಕು. ಬದುಕು ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬಾರದು, ಅದೇ ದಿನ ಯಾರಿಗಾದರೂ ಹೇಳಬೇಕು.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆಯನ್ನು ಅನುಸರಿಸಿ ಶೇ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆ ಪಡೆದಿರಲಿಲ್ಲ. ಇದಕ್ಕೆ ದೂರವೂ ಕಾರಣ, ‘ಮೆಂಟಲ್ ಅಂತಾರ’ ಎಂಬ ಭಯವೂ ಕಾರಣ. ದೂರವನ್ನು ತಗ್ಗಿಸುವ ಒಂದು ದಾರಿ ಕಂಡದ್ದು ನಮ್ಮದೇ ಕಲ್ಯಾಣ ಕರ್ನಾಟಕದಲ್ಲಿ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗಗಳಿಗೆ ಚಿಕಿತ್ಸೆ ಕೊಡಿಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ಕ್ರಮವಿದೆ. ಬೀದರ್ ನಗರದಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ.

ಭಯಕ್ಕೆ ಕಾನೂನಿನ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ. ಆರೋಗ್ಯ ವಿಮೆ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕು ಎನ್ನುತ್ತದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ.

ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸು ಬಾರದವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆಪ್ತ ಸಮಾಲೋಚಕರು ಮೊದಲು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಗಂಡನಿಗಾಗಿ ಹೆಂಡತಿ, ಮಗಳಿಗಾಗಿ ಅಪ್ಪ ಕೂಡ ಕರೆ ಮಾಡಿ ಕೇಳಬಹುದು. ಏನು ಹೇಳಬೇಕೆಂದು ತೋಚದಿದ್ದರೆ “ಎರಡು ವಾರ ಆತ್ರಿ ನಿದ್ದಿ ಇಲ್ಲ, ಕಚೇರಿ ನೆನಸಿದ್ರ ಹೊಟ್ಟಿ ತೊಳಸ್ತದ” ಎಂದು ಶುರುಮಾಡಿ. ಮುಂದಿನದನ್ನು ಅವರೇ ಒಂದೊಂದಾಗಿ ಕೇಳುತ್ತಾರೆ.